ಕೂರಲಾಗದವನ ಸೈಕಲ್ ಸವಾರಿ

ಆರೋಗ್ಯದ ಹುಚ್ಚು ಹಿಡಿದವನಿಗೆ ಮೊದಲು ಕೆಡುವುದು ಆರೋಗ್ಯವೇ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ವಿಷಯದಲ್ಲಿ ಕೆಟ್ಟ ಭಾಗವನ್ನು ಸಭ್ಯ ಭಾಷೆಯಲ್ಲಿ 'ಆಸನ' ಎನ್ನೋಣ.

ಈ ಪರದೇಶದ ಬೇ ಏರಿಯಾದಲ್ಲಿ, ಸ್ಯಾನ್ ರಮೋನಿನ ನಮ್ಮ ಬೀದಿಯಲ್ಲೇ ಇರುವ ಹಾಸನದ ಪ್ರಕಾಶ, ಭಾನುವಾರ ಬೆಳಕು ಹರಿಯುವ ಮೊದಲೇ ಸೈಕಲ್ ತುಳಿಯುವ ಪುಣ್ಯಾತ್ಮ. "ಬನ್ನಿ ಸಾರ್, ಮಂಡಿಗೆ ಒಳ್ಳೇದು" ಎಂದು ನನ್ನನ್ನೂ ಕರೆದ. ಮಂಡಿಯ ಬಗ್ಗೆ ಅವನು ಹೇಳಿದ್ದು ನಿಜ. ಅದಕ್ಕಿಂತ ಮೇಲಿನದರ ಬಗ್ಗೆ ಮಾತ್ರ ಮಹಾನುಭಾವ ತುಟಿ ಬಿಚ್ಚಲಿಲ್ಲ. ಅವನೇ ಆರಿಸಿಕೊಟ್ಟ ಸೈಕಲ್ಲಿನ ಸೀಟು ದೋಸೆ ಮಗುಚುವ ಸಟ್ಟುಗದಷ್ಟೇ ಅಗಲವಿತ್ತು. "ಕೂರೋಕೆ ಇಷ್ಟೇನಾ?" ಎಂದೆ. "ರೇಸಿಂಗ್ ಸೀಟು ಸಾರ್, ಅಭ್ಯಾಸ ಆಗ್ಬಿಡುತ್ತೆ" ಎಂದ. ಪಕ್ಕದ ಊರಿಗೆ ಹೋಗಿ ಕಾಫಿ ಕುಡಿದು ಬಂದೆವು, ಅಷ್ಟೇ.

ಮರುದಿನ ಆಫೀಸಿನ ಮೀಟಿಂಗುಗಳಲ್ಲೆಲ್ಲ ಗೋಡೆಗೆ ಒರಗಿ ನಿಂತೆ. ಅದನ್ನು ಉತ್ಸಾಹವೆಂದು ತಿಳಿದ ಮ್ಯಾನೇಜರು ಇನ್ನೊಂದು ಪ್ರಾಜೆಕ್ಟನ್ನು ನನ್ನ ತಲೆಗೆ ಕಟ್ಟಿದರು. ಸಂಜೆ ಪ್ರಕಾಶನ ಮನೆಯಲ್ಲೇ ಸತ್ಯನಾರಾಯಣ ಪೂಜೆ. ಎಲ್ಲರೂ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರೆ, ಕಥೆ ಮುಗಿಯುವವರೆಗೂ ನಾನು ಬಾಗಿಲ ಬಳಿ ದ್ವಾರಪಾಲಕನಂತೆ ನಿಂತಿದ್ದೆ.

"ಯಾಕಪ್ಪಾ, ಕೂತ್ಕೋಬಾರ್ದಾ?" ಎಂದರು ಪ್ರಕಾಶನ ತಾಯಿ.

"ಪರವಾಗಿಲ್ಲಮ್ಮ, ದೇವರ ಕಥೆ ನಿಂತೇ ಕೇಳೋದು ರೂಢಿ."

ಆ ತಾಯಿಗೆ ಕಣ್ಣು ತುಂಬಿ ಬಂತು. ಇಷ್ಟು ಭಕ್ತಿಯುಳ್ಳವನು ಎಂದು ಸಾರಿನ ಪಾತ್ರೆಯನ್ನು ನನ್ನ ಕೈಗೇ ಕೊಟ್ಟರು. ಎಲ್ಲ ಪಂಕ್ತಿಗೂ ಬಡಿಸಿದೆ. ಪ್ರಕಾಶ ನನ್ನಿಂದ ಸಾರು ಹಾಕಿಸಿಕೊಳ್ಳುತ್ತ ನೆಲ ನೋಡಿ ನಗುತ್ತಿದ್ದ. "ಮನೇಲಿ ಒಂದು ಲೋಟ ಎತ್ತಿಟ್ಟವರಲ್ಲ" ಎಂದು ನನ್ನ ಹೆಂಡತಿ ಸುಧಾ ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು.

ಮನೆಗೆ ಬಂದು ಅವಳಿಗೆ ನಿಜ ಹೇಳಿದೆ. ಮಾರನೆಯ ದಿನವೇ ನನ್ನನ್ನು ಸೈಕಲ್ ಅಂಗಡಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಹುಡುಗಿ ನನ್ನನ್ನು ಒಂದು ಮೆತ್ತನೆಯ ಸ್ಟೂಲಿನ ಮೇಲೆ ಕೂರಿಸಿ ಎಬ್ಬಿಸಿ, ಅದರ ಮೇಲೆ ಬಿದ್ದ ಅಚ್ಚನ್ನು ಅಳೆದು, ನನಗೆ ಬಹಳ ಅಗಲದ ಸೀಟು ಬೇಕೆಂದು ವಿನಯದಿಂದ ತಿಳಿಸಿದಳು.

"ಇದಕ್ಕೂ ಅಳತೆ ಬೇಕಿತ್ತಾ? ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ" ಎಂದಳು ಸುಧಾ.

ಮೆತ್ತೆ ಹೊಲಿದ ಚಡ್ಡಿಯನ್ನೂ ಕೊಂಡೆವು. ಅದರೊಳಗೆ ಬೇರೇನೂ ಹಾಕಬಾರದೆಂದು ಹುಡುಗಿ ಹವಾಮಾನ ವರದಿ ಓದಿದಷ್ಟು ಸಹಜವಾಗಿ ಹೇಳಿದಾಗ, ನಾನು ಹೆಲ್ಮೆಟ್ಟುಗಳ ಕಡೆ ಗಮನ ಹರಿಸಿದೆ.

ಕೆಲವೇ ದಿನಗಳಲ್ಲಿ ನೋವು ಮಾಯವಾಯಿತು. ಶನಿವಾರ ಪ್ರಕಾಶನ ಫೋನು ಬಂದಾಗ ಸುಧಾಳೇ ಎತ್ತಿ, "ಪೂರ್ತಿ ವಾಸಿಯಾಗಿದೆ, ನಾಳೆ ಖಂಡಿತ ಬರ್ತಾರೆ" ಎಂದಳು. ಇನ್ನೊಂದು ವಾರವಾದರೂ ನೋವು ಇರಬಾರದಿತ್ತೇ ಎಂದು ಮನಸಾರೆ ಮರುಗಿದ ರೋಗಿ ಈ ಬೇ ಏರಿಯಾದಲ್ಲಿ ನಾನೊಬ್ಬನೇ ಇರಬೇಕು.