ಬಲ್ತಸಾರ್ ಬೆರಳೆಣಿಸಿ ಹೆಣ್ಣು ಕೇಳಲು ಹೋದದ್ದು

"ದಿನ ಎಣಿಸೋದೇನು ಅಂಥ ಘನಂದಾರಿ ಕೆಲಸ? ಈ ಸಲ ನಾನೇ ಎಣಿಸ್ತೀನಿ."

ಹೀಗೆಂದು ಬಲ್ತಸಾರ್ ಊರಹಬ್ಬದ ದಿನವೇ ಎದೆ ಸೆಟೆಸಿ ಘೋಷಿಸಿಬಿಟ್ಟ. ನಮ್ಮ ಕಿಚೆ ಗುಡ್ಡದ ಮಾಯಾ ಜನರಲ್ಲಿ ದಿನಗಳಿಗೆ ಇಪ್ಪತ್ತು ಹೆಸರು. ಮುಗಿದರೆ ಮತ್ತೆ ಮೊದಲಿನಿಂದ. ಹೆಣ್ಣು ಕೇಳಲು ಹೋಗುವುದು ಅಕಾಬಾಲ್, ಅಂದರೆ ನಸುಕಿನ ದಿನ. ಅವನ ಮಗ ಎಲೀಯೊ ರೊಸೆಂದಾಳಿಗೆ ಮನಸ್ಸು ಕೊಟ್ಟು ಊಟ ಬಿಟ್ಟಿದ್ದ. ಮೇಲಿನ ಕೇರಿಯವರ ಕಣ್ಣೂ ಅವಳ ಮೇಲೇ. ತಪ್ಪು ದಿನ ಬಾಗಿಲು ತಟ್ಟಿದರೆ ಹುಡುಗಿ ಕೈತಪ್ಪಿದಂತೆಯೇ.

ದಿನ ನೋಡಿ ಹೇಳುವ ವೆಂತುರಾ ಬಲ್ತಸಾರನ ಸ್ವಂತ ಅಕ್ಕ. "ಇವತ್ತಿಂದ ಮೂರನೇ ಅಕಾಬಾಲ್ ಒಳ್ಳೇದು. ಹತ್ತಿರ ಬಂದಾಗ ನನ್ನ ಕೇಳು" ಎಂದಿದ್ದಳು.

"ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗತ್ರೀ?" ಎಂದಳು ಹೆಂಡತಿ ತಲಿನ್. ಅವಳಿಗೆ ಗೊತ್ತಿದ್ದದ್ದು ಸಂತೆಯ ವಾರ ಮಾತ್ರ.

"ಚಿಕ್ಕಂದಿನಿಂದ ನನ್ನ ದಡ್ಡ ಅಂತಾಳೆ ಕಣೇ. ಮನುಷ್ಯನಿಗೆ ಕೈಕಾಲು ಸೇರಿ ಇಪ್ಪತ್ತು ಬೆರಳು. ದಿನಕ್ಕೊಂದು. ಪಂಚಾಂಗ ನನ್ನ ಮೈಮೇಲೇ ಇದೆ."

ಮೊದಲ ಅಕಾಬಾಲ್ ದಿನ ಬಲಗೈ ಹೆಬ್ಬೆರಳಿಗೆ ಕೆಂಪು ನೂಲು ಕಟ್ಟಿದ. ದಿನಾ ಬೆಳಿಗ್ಗೆ ನೂಲು ಒಂದು ಬೆರಳು ಮುಂದೆ ಹೋಗುತ್ತಿತ್ತು. ಕೈ ಮುಗಿಸಿ, ಕಾಲಿಗಿಳಿದು, ಮತ್ತೆ ಹೆಬ್ಬೆರಳಿಗೆ ಏರುತ್ತಿತ್ತು, ರಾಜ ಊರು ಸುತ್ತಿ ಅರಮನೆಗೆ ಮರಳಿದಂತೆ.

ನೂಲು ಎರಡು ಸುತ್ತು ಮುಗಿಸಿ ಹೆಬ್ಬೆರಳಿಗೆ ಬಂದಾಗ, ಅವನ ಲೆಕ್ಕದ ಮೂರನೇ ಅಕಾಬಾಲ್ ಬಂತು. ಸೂರ್ಯ ಹುಟ್ಟುವ ಮೊದಲೇ ರೊಟ್ಟಿ, ಚಾಕೊಲೇಟ್, ಸಾರಾಯಿಯ ಬುಟ್ಟಿ ಹೊತ್ತು ಗಂಡ ಹೆಂಡತಿ ರೊಸೆಂದಾಳ ಬಾಗಿಲು ತಟ್ಟಿದರು. ಅವಳ ಅಜ್ಜಿ ನಿಕೊಲಾಸಾ ಉರಿಯುವ ಕೊಳ್ಳಿ ಹಿಡಿದು ಹೊರಬಂದಳು.

"ಏನಪ್ಪಾ, ಇಷ್ಟೊತ್ತಿಗೇ ಬುಟ್ಟಿ?"

"ಅಕಾಬಾಲ್ ಅಲ್ವಾ ಅಜ್ಜಿ, ಹೆಣ್ಣು ಕೇಳೋಕೆ ಬಂದ್ವಿ."

"ಇವತ್ತು ಇಮೋಷ್ ಕಣಪ್ಪಾ. ಹುಚ್ಚಿನ ದಿನ. ತಲೆ ನೆಟ್ಟಗಿರೋರು ಯಾರೂ ಇವತ್ತು ಹೆಣ್ಣು ಕೇಳಲ್ಲ."

ಬಲ್ತಸಾರ್ ಬಿಡುವ ಗಿರಾಕಿಯೇ? ಹೊಸ್ತಿಲಲ್ಲೇ ಕೂತ, ಚಪ್ಪಲಿ ಕಳಚಿದ, ಒಂದೊಂದೇ ಬೆರಳು ಮುಟ್ಟಿ ಲೆಕ್ಕ ಒಪ್ಪಿಸಿದ. ಎರಡು ಕೈ ಆಯಿತು, ಬಲಗಾಲು ಆಯಿತು. ಎಡಗಾಲಿಗೆ ಬಂದಾಗ ಅಜ್ಜಿ ಕೊಳ್ಳಿಯನ್ನು ಕೆಳಗೆ ಹಿಡಿದಳು.

"ನಿಲ್ಲು. ಕಿರುಬೆರಳೆಲ್ಲಿ?"

"ಅದಾ... ಸೌದೆ ಒಡೆಯೋವಾಗ ಕೊಡಲಿ ಬಿದ್ದು ಹೋಯ್ತು. ಎಷ್ಟೋ ವರ್ಷ ಆಯ್ತು."

ತಲಿನ್ ಹಣೆ ಚಚ್ಚಿಕೊಂಡಳು. "ದಿನಾ ಆ ಕಾಲು ತೊಳೀತೀರಲ್ರೀ!"

"ಸುತ್ತಿಗೊಂದು ದಿನ ನುಂಗಿದ್ದೀಯ" ಎಂದಳು ಅಜ್ಜಿ. "ಎರಡು ಸುತ್ತಿಗೆ ಎರಡು ದಿನ ಮುಂಚೆ ಬಂದು ಕೂತಿದ್ದೀಯ."

ಬಲ್ತಸಾರನ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಏಳಲಿಲ್ಲ. "ತಪ್ಪು ನಂದಜ್ಜಿ. ಅದಕ್ಕೆ ನನ್ನ ಮಗನ್ನ ಬೇಡ ಅನ್ನಬೇಡಿ. ಅಕಾಬಾಲ್ ದಿನ ಮತ್ತೆ ಬರ್ತೀನಿ. ಬರಬೇಡ ಅಂದ್ರೂ ಬರ್ತೀನಿ."

ಅಜ್ಜಿ ಕೊಳ್ಳಿ ಮೇಲೆತ್ತಿ ಅವನ ಮುಖ ನೋಡಿದಳು. ಅಷ್ಟರಲ್ಲಿ ಅಡುಗೆಮನೆಯ ಹೊಗೆಯೊಳಗಿಂದ ರೊಸೆಂದಾಳ ದನಿ ಬಂತು: "ಅಜ್ಜಿ, ಮಗನಿಗಾದ್ರೂ ಬೆರಳು ಪೂರ್ತಿ ಇವೆಯಾ, ಕೇಳು."

"ಇಪ್ಪತ್ತೂ ಇವೆ ಮಗಳೇ" ಎಂದು ತಲಿನ್ ಕೂಗಿ ಹೇಳಿದಳು. "ಹೆತ್ತ ದಿನ ನಾನೇ ಎಣಿಸಿದ್ದೀನಿ."

ಅಜ್ಜಿಯ ಬೊಚ್ಚುಬಾಯಿ ಅರಳಿತು. "ಹಾಗಾದ್ರೆ ನಾಡಿದ್ದು, ಮೇಲಿನ ಕೇರಿಯೋರು ಬರೋಕೆ ಮುಂಚೆ ಬನ್ನಿ." ಆಮೇಲೆ ಬಲ್ತಸಾರನ ಕಡೆ ತಿರುಗಿದಳು. "ದಿನ ಹುಡುಗ ಎಣಿಸಲಿ. ನೀನು ಬುಟ್ಟಿ ಹೊತ್ಕೊಂಡು ಹಿಂದೆ ಬಾ."