ಆರಡಿ ಎರಡಿಂಚಿನ ಸಹಿ

ಶ್ರಾವಣಿಯ ಆ ದಿನದ ಫಜೀತಿಗೆಲ್ಲ ಮೂಲ ಒಂದು ಡಬ್ಬಿ ಕೋಡುಬಳೆ.

ಅದನ್ನು ಕರಿದವರು ಅವಳ ತಾಯಿ ವಿಜಯಮ್ಮ. ಕಾರಿನ ಡಿಕ್ಕಿಯಲ್ಲಿ ಗುಟ್ಟಾಗಿ ಇಟ್ಟವರೂ ಅವರೇ. ಮಗಳು ಆಸ್ಟಿನ್‌ನಿಂದ ಹೊರಟು ಹ್ಯೂಸ್ಟನ್ ಪಕ್ಕದ ಕೇಟಿಗೆ, ಅದೂ ವಯಸ್ಸಾದ ಅಜ್ಜಿಯಿರುವ ಮನೆಗೆ, ಬರಿಗೈ ಬೀಸಿಕೊಂಡು ಹೋದರೆ ಮೈಸೂರಿನವರ ಮರ್ಯಾದೆ ಏನಾಗಬೇಕು?

ಶ್ರಾವಣಿ ಆಸ್ಟಿನ್‌ನ ಒಂದು ಪುಟ್ಟ ಕಾಲೇಜಿನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ಕೋಚ್ ಎನ್ನುವುದು ಹೆಸರಿಗೆ. ನಿಜವಾದ ಕೆಲಸವೆಂದರೆ ಟೆಕ್ಸಸ್ಸಿನ ಹೈಸ್ಕೂಲುಗಳನ್ನೆಲ್ಲ ಜಾಲಾಡಿ, ಚೆನ್ನಾಗಿ ಆಡುವ ಹುಡುಗಿಯರನ್ನು ಪತ್ತೆಹಚ್ಚಿ, ಅವರ ಮನೆಯವರನ್ನು ಒಪ್ಪಿಸಿ ಕಾಲೇಜಿಗೆ ಕರೆತರುವುದು. ಐದಡಿ ಎರಡಿಂಚಿನ ಅವಳು ವರ್ಷವಿಡೀ ಆರಡಿಯವರ ಮುಖ ನೋಡಿ ಮಾತಾಡಿ ಕುತ್ತಿಗೆ ನೋವು ಹಚ್ಚಿಕೊಂಡಿದ್ದಳು. ಏಳು ವರ್ಷ ಇದೇ ಕೆಲಸ ಮಾಡಿದ ಮೇಲೂ ಕನ್ನಡ ಕೂಟದ ಆಂಟಿಯರು, "ಅದು ಸರಿ ಕಣಮ್ಮಾ, ಕೆಲಸ ಅಂತ ಏನು ಮಾಡ್ತೀಯ?" ಎಂದೇ ಕೇಳುತ್ತಿದ್ದರು.

ಈಗ ಆ ಕೆಲಸಕ್ಕೇ ಸಂಚಕಾರ ಬಂದಿತ್ತು. ಹೆಡ್ ಕೋಚ್ ಮಾರ್ಲಾ ಬೆಳಿಗ್ಗೆಯೇ ಕರೆದು ಖಡಾಖಂಡಿತವಾಗಿ ಹೇಳಿದ್ದಳು: "ಕೇಟಿಯ ಹುಡುಗಿ ಇವತ್ತು ಐದು ಗಂಟೆಯೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಮುಂದಿನ ವರ್ಷ ನಿನ್ನನ್ನು ಉಳಿಸಿಕೊಳ್ಳುವುದು ನನ್ನ ಕೈಲಾಗದು."

ಕೇಟಿಯ ಹುಡುಗಿ ಎಂದರೆ ನಿಧಿ. ಆರಡಿ ಎರಡಿಂಚು. ಅಪ್ಪ ಸಂಗಮೇಶ್ ಧಾರವಾಡ ಕಡೆಯವರು, ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್. ಅವಳ ಮೇಲೆ ಡಾಲಸ್‌ನ ಒಂದು ಕಾಲೇಜಿನ ಕಣ್ಣೂ ಬಿದ್ದಿತ್ತು. ಡಾಲಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿ ನಿಧಿಯ ಅತ್ತೆ ಅನುರಾಧಾ ಇದ್ದುದರಿಂದ ಮನೆಯವರ ಮನಸ್ಸು ಆ ಕಡೆಗೇ ವಾಲಿತ್ತು. ಹುಡುಗಿಗೆ ವಾರಕ್ಕೊಮ್ಮೆಯಾದರೂ ರೊಟ್ಟಿ ಸಿಗುತ್ತದಲ್ಲ ಎಂಬ ಲೆಕ್ಕ.

ದಾರಿ ಅರ್ಧ ಸವೆದಾಗ ವಿಜಯಮ್ಮನ ಫೋನು ಬಂತು.

"ಡಿಕ್ಕೀಲಿ ಡಬ್ಬಿ ಇಟ್ಟಿದ್ದೀನಿ ಕಣೇ. ಆ ಅಜ್ಜಿ ಗುರವ್ವನವರಿಗೂ ಫೋನ್ ಮಾಡಿ ಹೇಳಿದ್ದೀನಿ, ಮರೀದೆ ಕೊಡು."

ಶ್ರಾವಣಿಯ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. "ಅಮ್ಮಾ! ಎಷ್ಟು ಸಲ ಹೇಳಿದೀನಿ? ಕೋಚ್ ಆದವಳು ಅವರಿಗೆ ಒಂದು ಬಾಳೆಹಣ್ಣೂ ಕೊಡೋ ಹಾಗಿಲ್ಲ! ಕೊಟ್ರೆ ಆ ಹುಡುಗಿ ಆಡೋ ಹಾಗಿಲ್ಲ, ನನಗೆ ಕೆಲಸ ಇಲ್ಲ!"

"ಬಾಳೆಹಣ್ಣು ಎಲ್ಲಿ ಕೊಟ್ಟೆ? ಕೋಡುಬಳೆ ತಾನೆ?" ಎಂದು ವಿಜಯಮ್ಮ ಫೋನಿಟ್ಟರು.

ಡಬ್ಬಿ ಡಿಕ್ಕಿಯಲ್ಲೇ ಇರಲಿ ಎಂದು ಶ್ರಾವಣಿ ತೀರ್ಮಾನಿಸಿದಳು. ಆದರೆ ಕೇಟಿಯ ಮನೆ ಮುಂದೆ ಇಳಿದು, ಫೈಲು ತೆಗೆಯಲೆಂದು ಡಿಕ್ಕಿ ಎತ್ತಿದ್ದೇ ತಡ, ಪಕ್ಕದ ಮನೆಯ ಹುಲ್ಲುಹಾಸಿನಿಂದ ಮಹಾಂತಪ್ಪನವರು ಪ್ರತ್ಯಕ್ಷರಾದರು. ಮಗನ ಮನೆಗೆ ಬಂದು ಹತ್ತು ವರ್ಷವಾಗಿತ್ತು. ಆ ಬೀದಿಗೆ ಬಂದ ಯಾವ ಕಾರೂ ಅವರ ತಪಾಸಣೆಯಿಲ್ಲದೆ ನಿಂತದ್ದಿಲ್ಲ.

"ಮೈಸೂರು ಕೋಡಬಳಿ ಬಂದಾವಲ್ರಿ! ಗುರವ್ವ ಮುಂಜಾನಿಂದ ಹಾದಿ ಕಾಯಾಕತ್ಯಾಳ. ನಿಮ್ಮ ಕೈತುಂಬ ಫೈಲ್ ಅದಾವ, ತರ್ರಿಲ್ಲೆ" ಎನ್ನುತ್ತ ಡಬ್ಬಿಗೆ ಕೈ ಹಾಕಿದರು.

"ಬೇಡ ಅಂಕಲ್, ಬಿಡಿ!"

"ಅದರಾಗೇನೈತ್ರಿ, ನಾ ಒಯ್ತೀನಿ."

"ಅಂಕಲ್, ಬಿಡಿ ಅಂದ್ರೆ!"

ಅವರು ಎಳೆದರು, ಇವಳು ಎಳೆದಳು. ಮುಚ್ಚಳ ಹಾರಿತು. ಕೋಡುಬಳೆಗಳು ರಜೆ ಸಿಕ್ಕ ಮಕ್ಕಳ ಹಾಗೆ ದಿಕ್ಕಾಪಾಲಾಗಿ ಓಡಿದವು. ಒಂದು ಮಾತ್ರ ಮಹಾಂತಪ್ಪನವರ ಕೈಯಲ್ಲಿ ಉಳಿಯಿತು. ಅಲ್ಲಿಂದ ಬಾಯಿಗೆ ಹೋಗಲು ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಗುರವ್ವ ಬಾಗಿಲು ತೆರೆದರು. ಅವರಿಗೆ ಕಂಡದ್ದು, ಕಳಿಸಿದ ಉಡುಗೊರೆಯನ್ನು ಮನೆ ಮುಂದೆಯೇ ಕಿತ್ತುಕೊಂಡು ನಿಂತ ಅತಿಥಿ. ಅವರ ಮುಖ ಗಂಟಿಕ್ಕಿತು.

"ಬರ್ರಿ," ಎಂದರು. ಮುಂದೆ "ಕೂಡ್ರಿ" ಎನ್ನಲಿಲ್ಲ.

ಶ್ರಾವಣಿ ನಿಂತೇ ಅಜ್ಜಿಗೂ ಸಂಗಮೇಶರಿಗೂ ರೂಲು ವಿವರಿಸಿದಳು. ಕೋಚ್ ಕೊಟ್ಟದ್ದನ್ನು ಮನೆಯವರು ಯಾರೇ ತಿಂದರೂ ನಿಧಿಯ ಆಟಕ್ಕೆ ಕುತ್ತು ಎಂದಳು. ಎಲ್ಲರ ಕಣ್ಣೂ ಹಿಂದೆಯೇ ಒಳಬಂದಿದ್ದ ಮಹಾಂತಪ್ಪನವರ ಕಡೆ ತಿರುಗಿತು. ಅವರ ದವಡೆ ಇನ್ನೂ ಆಡುತ್ತಿತ್ತು.

ಶ್ರಾವಣಿ ಕಾಲೇಜಿನಲ್ಲಿ ಇಂಥ ರೂಲುಗಳಿಗೆಂದೇ ಇದ್ದ ಆಫೀಸರ್ ಗ್ಲೆನ್‌ಗೆ ಫೋನ್ ಮಾಡಿದಳು. ಗ್ಲೆನ್ ನಿಧಾನಸ್ಥ. ಫಾರಂ ತೆಗೆದು ಒಂದೊಂದೇ ಕೇಳಿದ. ತಿಂದವರ ಹೆಸರು? ಎಷ್ಟು ತಿಂದರು? ಹುಡುಗಿಗೆ ಏನಾಗಬೇಕು?

ಸ್ಪೀಕರಿನಲ್ಲಿ ಕೇಳಿಸಿಕೊಂಡ ಮಹಾಂತಪ್ಪನವರು ಎದೆ ಸೆಟೆಸಿದರು. "ದೊಡ್ಡಪ್ಪ ಅಂತ ಬರಸ್ರಿ!"

"ಅಂಕಲ್!"

"ಯಾಕ್ರಿ? ಹತ್ತು ವರ್ಷದಿಂದ ಈ ಕೂಸು ನನಗ ದೊಡ್ಡಪ್ಪ ಅಂತೈತಿ. ಸೈಕಲ್ ಕಲಿಸಿದಾಂವ ನಾ. ಬಾಲ್ ಹಿಡಿಲಿಕ್ಕೆ ಕಲಿಸಿದಾಂವನೂ ನಾನಽ."

"ಅಂಕಲ್, ಸ್ವಂತ ದೊಡ್ಡಪ್ಪ ಅಂದ್ರೆ ಅವಳ ಆಟ ಹೋಗುತ್ತೆ. ಇವತ್ತೊಂದು ದಿನ ಬರೀ ಪಕ್ಕದ ಮನೆಯವರಾಗಿ. ಕೈ ಮುಗೀತೀನಿ."

ಮಹಾಂತಪ್ಪನವರು ಕೆಮ್ಮಿದರು. ಕೋಡುಬಳೆಯಿಂದಲೋ ದುಃಖದಿಂದಲೋ ಹೇಳುವುದು ಕಷ್ಟ. ಮಹಡಿಯಿಂದ ಇಳಿದು ಬಂದ ನಿಧಿ ಬಗ್ಗಿ ಅವರ ಹೆಗಲ ಮೇಲೆ ಕೈ ಹಾಕಿದಳು. "ಇಟ್ಸ್ ಓಕೆ, ದೊಡ್ಡಪ್ಪ. ಜಸ್ಟ್ ಫಾರ್ ಟುಡೇ."

"ಶ್, ಮೆಲ್ಲಗೆ!" ಎಂದು ಶ್ರಾವಣಿ ಫೋನಿಗೆ ಅಂಗೈ ಅಡ್ಡ ಹಿಡಿದಳು.

"ಹಾಂಗಾದ್ರ ಬರಸ್ರಿ," ಎಂದರು ಮಹಾಂತಪ್ಪನವರು ಕಣ್ಣೊರೆಸಿಕೊಂಡು. "ಏನೂ ಆಗಬೇಕಿಲ್ಲ. ಯಾರೋ ದಾರಿಹೋಕ."

ಗ್ಲೆನ್ 'ಪಕ್ಕದ ಮನೆಯವರು' ಎಂದು ಬರೆದುಕೊಂಡು, ಅಪಾಯವಿಲ್ಲ ಎಂದ. ಶ್ರಾವಣಿಗೆ ಹೋದ ಜೀವ ಬಂದಂತಾಯಿತು.

ಗುರವ್ವ ಇಷ್ಟು ಹೊತ್ತೂ ಅವಳನ್ನೇ ನೋಡುತ್ತಿದ್ದರು. ಈಗ ಗಂಟು ಸಡಿಲಿತು. "ಹುಡುಗಿ ಖರೇ ಐತಿ. ಡಾಲಸ್ ಕಾಲೇಜಿನಾಕಿ ಬಂದು ಹಲ್ಲು ಕಿಸದು ಹೋದ್ಳು. ಇಕಿ ಒಂದು ಕೋಡಬಳಿ ಸಲುವಾಗಿ ನಡುಗಾಕತ್ಯಾಳ. ಕೊಡಂಗಿಲ್ಲ ಸರಿ, ನಮ್ಮ ಮನ್ಯಾಗ ನೀ ತಿನ್ನಾಕೇನೂ ಅಡ್ಡಿ ಇಲ್ಲಲ್ಲ?"

ತಿನ್ನಲು ಅಡ್ಡಿಯಿಲ್ಲ ಎಂದು ಶ್ರಾವಣಿ ಬಾಯ್ತಪ್ಪಿ ಒಪ್ಪಿಕೊಂಡಳು. ಮೂರು ಜೋಳದ ರೊಟ್ಟಿ, ಎಣ್ಣೆಗಾಯಿ, ಅದರ ಮೇಲೆ ಐದು ಶೇಂಗಾ ಹೋಳಿಗೆ. ನಾಲ್ಕನೆಯದಕ್ಕೇ ಅವಳಿಗೆ ಕಣ್ಣು ಕತ್ತಲೆ ಬಂತು. ಐದನೆಯದನ್ನು ಕೆಲಸದ ಮೇಲಿನ ಆಸೆಯಿಂದ ನುಂಗಿದಳು.

ತುಂಬಿದ ಹೊಟ್ಟೆಯಲ್ಲೇ ಅವಳು ಡಾಲಸ್ಸನ್ನು ಹಿಗ್ಗಾಮುಗ್ಗಾ ಹಳಿದಳು. ದೂರ ಎಂದಳು, ಟ್ರಾಫಿಕ್ಕು ಎಂದಳು. ಆ ಕಾಲೇಜಿನಲ್ಲಿ ಹುಡುಗಿಯರನ್ನು ಕೇಳುವವರೇ ಇಲ್ಲ ಎಂದಳು. "ಓದೋ ವಯಸ್ಸಿನ ಹುಡುಗೀನ ಅಲ್ಲಿಗೆ ಕಳಿಸ್ತಾರಾ ಅಜ್ಜಿ?"

"ನೀ ಇರ್ತೀಯಲ್ಲವಾ ಆಸ್ಟಿನ್‌ನ್ಯಾಗ?" ಎಂದು ಗುರವ್ವ ಅವಳ ಕೈ ಹಿಡಿದರು. "ಕಾಲೇಜ್ ನೋಡಿ ಅಲ್ಲ, ನಿನ್ನ ಮಾರಿ ನೋಡಿ ಕಳಸ್ತೀವಿ."

"ನಾನೆಲ್ಲಿ ಹೋಗ್ತೀನಿ ಅಜ್ಜಿ? ನಾಲ್ಕು ವರ್ಷ ನಿಧಿ ನನ್ನ ಜವಾಬ್ದಾರಿ."

ಸಂಗಮೇಶ್ ಪೆನ್ನು ತೆಗೆದರು. ಸಹಿ ಹಾಕುವಾಗ ಕೋಚ್ ಎದುರಿಗಿರಬಾರದು ಎಂಬುದೂ ಒಂದು ರೂಲು. ಶ್ರಾವಣಿ ಹೊರಗೆ ಬಂದು ಕಾರಿನಲ್ಲಿ ಕುಳಿತಳು. ನಾಲ್ಕು ಐವತ್ತೆರಡಕ್ಕೆ ಸಂಗಮೇಶರ ಮೆಸೇಜು ಬಂತು: 'ಸಹಿ ಮಾಡಿ ಕಾಲೇಜಿಗೆ ಕಳಿಸೇವ್ರಿ. ಅಭಿನಂದನೆಗಳು.' ಅವಳು ಸ್ಟೇರಿಂಗಿಗೆ ಮುತ್ತಿಟ್ಟಳು. ಖುಷಿಗೆ ಕಾರಿನೊಳಗೇ ಕುಣಿಯಹೋಗಿ ಹಾರನ್ ಒತ್ತಿಬಿಟ್ಟಳು. ಬೀದಿಯ ಮೂರು ನಾಯಿಗಳು ಬೊಗಳಿದವು.

ಐದು ಗಂಟೆ ಹತ್ತು ನಿಮಿಷಕ್ಕೆ ಮಾರ್ಲಾಳ ಫೋನು.

"ಶ್ರಾವಣಿ, ನೀನು ಅದ್ಭುತ! ನಿನ್ನ ಕೆಲಸ ಗಟ್ಟಿಯಾಯಿತು!"

"ಥ್ಯಾಂಕ್ಯೂ, ಕೋಚ್!"

"ಆದರೆ ಇಲ್ಲಿ ಅಲ್ಲ. ನಾನು ಡಾಲಸ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಹೆಡ್ ಕೋಚ್ ಆಗಿ ಈಗ ತಾನೆ ಸಹಿ ಹಾಕಿದೆ. ನಿಧಿಯ ಹಿಂದೆ ಬಿದ್ದಿದ್ದರಲ್ಲ, ಅದೇ ಕಾಲೇಜು. ಆಸ್ಟಿನ್‌ಗೆ ನನ್ನ ಜಾಗಕ್ಕೆ ಬರುವವಳು ತನ್ನ ಅಸಿಸ್ಟೆಂಟುಗಳನ್ನು ತಾನೇ ಕರೆತರುತ್ತಾಳೆ, ನಿನಗೆ ಗೊತ್ತೇ ಇದೆ. ನೀನು ನನ್ನ ಜೊತೆ ಬಾ."

"ಮೊದಲೇ ಹೇಳಬಾರದಿತ್ತಾ ಕೋಚ್?"

"ನನ್ನ ಸಹಿ ಆಗುವವರೆಗೆ ಹೇಳುವ ಹಾಗಿರಲಿಲ್ಲ. ರೂಲು. ಅಲ್ಲಿ ನಿನಗೊಂದು ಜಾಗ ಇಟ್ಟಿದ್ದೇನೆ. ಆದರೆ ಆ ತಂಡದಲ್ಲಿ ಎತ್ತರದವಳೇ ಇಲ್ಲ. ಬರುವಾಗ ಆ ಕೇಟಿಯ ಹುಡುಗಿಯನ್ನು ಕರೆದುಕೊಂಡು ಬಾ. ಅವಳಿಲ್ಲದಿದ್ದರೆ ನಿನ್ನನ್ನು ತೆಗೆದುಕೊಳ್ಳಲು ಅವರನ್ನು ಒಪ್ಪಿಸುವುದು ಕಷ್ಟ."

"ಅವಳು ಈಗಷ್ಟೇ ಆಸ್ಟಿನ್‌ಗೆ ಸಹಿ ಹಾಕಿದಳು, ಕೋಚ್! ಇನ್ನು ಬದಲಾಯಿಸುವ ಹಾಗಿಲ್ಲ. ಹಾಕಿಸು ಅಂದವರೂ ನೀವೇ!"

"ಹೌದಲ್ಲ," ಎಂದಳು ಮಾರ್ಲಾ. "ಅಷ್ಟು ಬೇಗ ಒಪ್ಪಿಸುತ್ತೀಯ ಅಂದುಕೊಂಡಿರಲಿಲ್ಲ."

ಶ್ರಾವಣಿ ಫೋನು ಕೆಳಗಿಟ್ಟಳು. ಕಿಟಕಿಯ ಗಾಜನ್ನು ಯಾರೋ ಕುಟ್ಟಿದರು. ಗುರವ್ವ. ಮುಖದಲ್ಲಿ ಹಬ್ಬದ ಕಳೆ.

"ನಿಮ್ಮವ್ವನ ಕೂಡ ಮಾತಾಡಿದ್ನೆವಾ. ನಿಧಿ ಒಬ್ಬಾಕಿನ್ನ ಹ್ಯಾಂಗ ಬಿಡೂದು? ಮೊದಲ್ನೆ ವರ್ಷ ನಾನೂ ಬಂದು ನಿಮ್ಮ ಮನ್ಯಾಗ ಇರ್ತೀನಿ ಅಂದೆ. ನಿಮ್ಮವ್ವ ಬರ್ರಿ ಬರ್ರಿ, ಶ್ರಾವಣಿ ಮಲಗೋ ಕ್ವಾಣಿ ಖಾಲಿ ಮಾಡಸ್ತೀನಿ ಅಂದ್ರು. ನಿನಗೇನೂ ತ್ರಾಸ ಇಲ್ಲಲ್ಲ?"

"ಇಲ್ಲ ಅಜ್ಜಿ," ಎಂದಳು ಶ್ರಾವಣಿ. "ನಾನು ಹೇಗೂ ಖಾಲಿಯಾಗೇ ಇರ್ತೀನಿ."