ಗೋಡೆ ತುಂಬ ಮುನೀಂದ್ರ

“ದೊಡ್ಡನೆಕ್ಕುಂದಿಯಲ್ಲಿ ವೀಡಿಯೋ ಕಾಲ್ ಬಾರದವರು ಒಬ್ಬರೂ ಇರಬಾರದು ಕಣೇ! ಇದು ನನ್ನ ಶಪಥ!” ಎಂದ ಮುನೀಂದ್ರ.

“ಶಪಥ ಆಮೇಲೆ ಮಾಡೋರಂತೆ, ಕಾಫಿ ಆರ್ತಿದೆ,” ಎಂದಳು ಹೆಂಡತಿ ಸೌಮ್ಯ.

ಅದು ಪುಕ್ಕಟೆ ಇಂಟರ್‌ನೆಟ್ ಸಿಮ್ಮಿಗಾಗಿ ಜನ ಬೀದಿಯುದ್ದಕ್ಕೂ ಕ್ಯೂ ನಿಲ್ಲುತ್ತಿದ್ದ ಕಾಲ. ಹೊಸ ಫೋನಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೆ “ಇದನ್ನ ಆನ್ ಮಾಡೋದು ಎಂಗೆ?” ಅನ್ನುತ್ತಿದ್ದ ಕಾಲ. ಬೀದಿಯವರೆಲ್ಲ ಒಂದೇ ಪರದೆಯ ಮುಂದೆ ಒತ್ತಿಕೊಂಡು ಕೂತ ಕೊನೆಯ ದಿನಗಳೂ ಅವೇ ಇರಬೇಕು.

ಮುನೀಂದ್ರ ಊರಿನ ಹಳೇ ಮನೆತನದವನು. ಟೆಕ್ ಪಾರ್ಕಿನಲ್ಲಿ ಕಂಪ್ಯೂಟರ್ ರಿಪೇರಿ ಅವನ ಕೆಲಸ. ಗೆಳೆಯನ ಪ್ರೊಜೆಕ್ಟರ್ ತಂದು, ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಭಜನೆ ಮನೆಯಲ್ಲಿ ಭಾನುವಾರದ ಉಚಿತ ಪಾಠ ಆರಂಭಿಸಿಯೇ ಬಿಟ್ಟ. ಎಲ್ಲರಿಗಿಂತ ಮೊದಲು ಬಂದು ಕೂತವಳು ಸಿದ್ದಕ್ಕ. ರಾಯಚೂರು ಕಡೆಯವಳು, ಬೆಳ್ಳಂದೂರಿನಲ್ಲಿ ಗಾರೆ ಕೆಲಸ.

“ಯಣ್ಣಾ, ಊರಾಗ ಮಗಳು ಹಡದಾಳ್ರೀ. ಮೊಮ್ಮಗಳ ಮಾರಿ ಇನ್ನಾ ನೋಡಿಲ್ಲ. ಪಕ್ಕದ ಮನಿ ಫೋನ್ ಮುಂದ ಕಾಯಾಕತ್ತಾಳ, ಅದೊಂದು ತೋರಿಸಿಬಿಡ್ರಿ.”

“ನಾನ್ಯಾಕೆ ತೋರಿಸ್ಲಿ? ನೀವೇ ನೋಡ್ತೀರ! ನೀವು ಕೊಟ್ಟ ನಂಬರನ್ನ ಮಗಳ ಹೆಸರಲ್ಲಿ ಲ್ಯಾಪ್‌ಟಾಪಿಗೆ ಹಾಕಿದ್ದೀನಿ. ಹಸಿರು ಒತ್ತಿದ್ರೆ ಕಾಲ್, ಕೆಂಪು ಒತ್ತಿದ್ರೆ ಕಟ್. ಮೊದಲು ನಾನು ಮನೆಯಿಂದ ಮಾಡಿ ತೋರಿಸ್ತೀನಿ.”

ಮನೆಗೆ ಓಡಿದ. ಕರೆ ಮಾಡಿದ. ಇಲ್ಲಿ ಯಾರೋ ಹಸಿರು ಒತ್ತಿದರು. ಭಜನೆ ಮನೆಯ ಗೋಡೆ ತುಂಬ ಮುನೀಂದ್ರನ ವಿಶ್ವರೂಪ! ಚಪ್ಪಾಳೆಯೋ ಚಪ್ಪಾಳೆ!

“ಮೇಡಂ ಎಲ್ಲಿ ಸಾರ್?” ಎಂದರು ಹಿರಿಯರಾದ ವೆಂಕಟಪ್ಪ.

“ಅವಳಾ? ಕರೆದ್ರೆ ಓಡಿ ಬರ್ತಾಳೆ. ಮನೇಲಿ ನಾನು ಹುಲಿ ಕಣ್ರೀ!”

ಗತ್ತಿನಿಂದ ಕೈಬೀಸಿ ಫೋನನ್ನು ಅಡುಗೆಕಟ್ಟೆಗೆ ಒರಗಿಸಿಟ್ಟ. ಕೆಂಪು ಗುಂಡಿ? ಗುರುಗಳೇ ಮರೆತಿದ್ದರು!

“ಬಂದ್ರಾ? ಪಾತ್ರೆ ಹಂಗೇ ಬಿದ್ದಿವೆ,” ಎಂದಿತು ಗೋಡೆಯೊಳಗಿಂದ ಸೌಮ್ಯಳ ದನಿ.

“ಈಗಲೇ ತೊಳೆದೆ ಬಂಗಾರ, ಕೋಪ ಮಾಡ್ಕೋಬೇಡ!”

ಹುಲಿ ಪಂಚೆ ಎತ್ತಿ ಕಟ್ಟಿತು. ಹುಲಿ ಬಾಣಲೆ ಉಜ್ಜಿತು. ನಲ್ಲಿಯ ಸದ್ದಿನಲ್ಲಿ ಅದಕ್ಕೆ ಬೇರೇನೂ ಕೇಳಿಸಲಿಲ್ಲ. ಭಜನೆ ಮನೆಯಲ್ಲಿ ಮುದುಕಿಯರು ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡರು. “ಮೂಲೇಲಿ ಇನ್ನೂ ಮಸಿ ಐತೆ ನೋಡಪ್ಪೋ!” ಎಂದು ವೆಂಕಟಪ್ಪ ಗೋಡೆಗೇ ಹೇಳಿ ಹೊಟ್ಟೆ ಹಿಡಿದುಕೊಂಡರು.

ಸಿದ್ದಕ್ಕನೂ ನಕ್ಕಳು. ಆದರೆ ಊರಲ್ಲಿ ಮಗಳು ಕೂಸನ್ನೆತ್ತಿಕೊಂಡು ಪಕ್ಕದ ಮನೆಯ ಫೋನಿನ ಮುಂದೆ ಕಾಯುತ್ತಿದ್ದಳಲ್ಲ! ಎದ್ದುಹೋಗಿ ಕೆಂಪು ಒತ್ತಿದಳು. ಹುಲಿ ಮಾಯ! ಮಗಳ ಹೆಸರು ಹುಡುಕಿ ಹಸಿರು ಒತ್ತಿದಳು.

ಪಾಠ ನೆನಪಾಗಿ ಮುನೀಂದ್ರ ಕೈಯಲ್ಲಿ ನೊರೆ ಸಮೇತ ಓಡಿ ಬಂದಾಗ ಎಲ್ಲರೂ ಗೋಡೆಯತ್ತ ಕತ್ತು ಚಾಚಿದ್ದರು. ಗೋಡೆ ತುಂಬ ಒಂದು ಪುಟ್ಟ ಮುಖ ಆಕಳಿಸುತ್ತಿತ್ತು.

“ಯವ್ವಾ! ಥೇಟ್ ನಮ್ಮವ್ವನ ಮಾರೀನ ಐತಲ್ಲೇ!” ಸಿದ್ದಕ್ಕ ಗೋಡೆಯನ್ನೇ ಸವರುತ್ತಿದ್ದಳು.

ಮುನೀಂದ್ರನ ಕಣ್ಣು ತುಂಬಿತು. ಒರೆಸಿಕೊಂಡ. ಸೋಪು! ಕಣ್ಣೀರು ಧಾರಾಕಾರ!

“ಪಾತ್ರೆ ಎಲ್ಲಾ ಆಯ್ತಾ ಹುಲಿ ಸಾರ್?” ಎಂದರು ವೆಂಕಟಪ್ಪ. ಆಗ ಅವನಿಗೆ ಎಲ್ಲ ಅರ್ಥವಾಯಿತು.

ಮುಂದಿನ ಭಾನುವಾರ ಕಾಲಿಡಲೂ ಜಾಗವಿಲ್ಲ. ತನ್ನ ಪಾಠದ ಮಹಿಮೆಯೆಂದು ಮುನೀಂದ್ರ ಎದೆಯುಬ್ಬಿಸಿ ನಿಂತ. ವೆಂಕಟಪ್ಪನವರ ಹೆಂಡತಿ ಅನುಸೂಯಮ್ಮ ಗಂಡನ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದರು.

“ವೀಡಿಯೋ ಕಾಲು ನಾವು ಸಿದ್ದಕ್ಕನತ್ರ ಕಲ್ತ್ಕೋತೀವಿ ಸಾರ್. ನೀವು ನಮ್ಮ ಯಜಮಾನ್ರಿಗೆ ಪಾತ್ರೆ ಉಜ್ಜೋದು ಕಲಿಸ್ಕೊಡಿ!”